ಗುಂಯ್‌ಗುಡುವ ಗೇಮ್ ಪೆಟ್ಟಿಗೆ

"ನೀವಾ?"

ಬಾಗಿಲು ತೆರೆದವಳು ಹಿಡಿಕೆ ಬಿಡದೆಯೇ ಕೇಳಿದಳು. ಹೆಗಲಿಗೆ ಟೂಲ್ ಬ್ಯಾಗ್ ಹಾಕಿಕೊಂಡು ನಿಂತಿದ್ದವನು, ಮೂರು ವರ್ಷಗಳ ಹಿಂದೆ ಅವಳೇ ಇದೇ ಬಾಗಿಲಿನಿಂದ ಆಚೆಗಟ್ಟಿದ ಹುಡುಗ. ಅವಳನ್ನು ಮದುವೆಯಾಗಬೇಕಿದ್ದ ಹುಡುಗ.

"ಹಳೇ ಗೇಮ್ ಮೆಷಿನ್ ಕೊಳ್ಳೋರು ಕಳಿಸಿದ್ರು, ಮೇಡಂ. ಬೇರೆ ಊರಿನವರು, ನನ್ನ ವಿಷಯ ಅವರಿಗೆ ಗೊತ್ತಿಲ್ಲ. ಸ್ಪೀಕರ್ ಸರಿಹೋದ್ರೆ ಮಾತ್ರ ತಗೋತಾರಂತೆ."

ಮೇಡಂ... ಒಂದು ಕಾಲದಲ್ಲಿ "ಏಯ್ ತರಲೆ" ಎಂದು ಕರೆಯುತ್ತಿದ್ದವನು ಇವನೇ.

ಅವಳು ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಹಿಂದೆ ಕಾಲಿಡಲು ಜಾಗವಿಲ್ಲದಂತಿದ್ದ ಅಪ್ಪನ ಗೇಮ್ ಅಂಗಡಿಯಲ್ಲಿ ಈಗ ಉಳಿದಿದ್ದು ಒಂದೇ ಮೆಷಿನ್. ಆಳೆತ್ತರದ ಮರದ ಪೆಟ್ಟಿಗೆ. ಅಪ್ಪನನ್ನು ಬಡಿದು ಕೆಡವಿದ್ದೂ ಅದೇ.

ಅಂದು ಅಪ್ಪ ಒದ್ದೆ ಕೈಯಲ್ಲಿ ಅದರ ಕಬ್ಬಿಣದ ಬಾಗಿಲು ಮುಟ್ಟಿದ್ದರು. ಶಾಕ್ ಹೊಡೆದು ಬಿದ್ದ ರಭಸಕ್ಕೆ ತಲೆ ನೆಲಕ್ಕೆ ಅಪ್ಪಳಿಸಿತು. ಬಲಗೈ ಮತ್ತೆ ಮೇಲೇಳಲಿಲ್ಲ, ಮಾತು ತೊದಲಾಯಿತು. ಶಾಕ್‌ನಿಂದ ಕಾಪಾಡಬೇಕಿದ್ದ ಅರ್ತಿಂಗ್ ತಂತಿಯನ್ನು ಯಾರೋ ಕತ್ತರಿಸಿದ್ದಾರೆ ಎಂದು ಎಲೆಕ್ಟ್ರಿಷಿಯನ್ ಹೇಳಿದ. ಸ್ಪೀಕರಿನ ಗುಂಯ್ ಸದ್ದು ನಿಲ್ಲಿಸಲು ಕೆಲವರು ಹಿಡಿಯುವ ಅಡ್ಡದಾರಿ ಅದು. ಹಿಂದಿನ ದಿನ ಪೆಟ್ಟಿಗೆ ಬಿಚ್ಚಿದ್ದವನು ಇವನು.

"ನಾನು ಮಾಡಿಲ್ಲ" ಎಂದು ಒಂದೇ ಸಲ ಹೇಳಿ ಅವನು ಸುಮ್ಮನಾದ. ಅಪ್ಪನನ್ನು ಕೇಳಿದರೆ ಅವರು ಗೋಡೆಯ ಕಡೆ ಮುಖ ತಿರುಗಿಸಿ ಕಣ್ಣೀರಿಟ್ಟರು. ಇನ್ನೇನು ಸಾಕ್ಷಿ ಬೇಕು?

ಅವಳು ಉಂಗುರ ವಾಪಸ್ ಕೊಟ್ಟಳು. ಅಷ್ಟಕ್ಕೇ ಬಿಡಲಿಲ್ಲ ಮಹಾತಾಯಿ. ಊರಿನ ಗೇಮ್ ಅಂಗಡಿಯವರ ವಾಟ್ಸಾಪ್ ಗುಂಪಿನಲ್ಲಿ ಅವನ ಹೆಸರು ಬರೆದು, ಇವನನ್ನು ಒಳಗೆ ಬಿಟ್ಟುಕೊಳ್ಳಬೇಡಿ ಎಂದು ಹಾಕಿದಳು. ಒಂದೇ ವಾರದಲ್ಲಿ ಅವನನ್ನು ಕರೆಯುವವರು ಇಲ್ಲವಾದರು. ಹೋಗಲಿ, ಅವನನ್ನು ಮರೆತಳೇ ಎಂದರೆ ಅದೂ ಇಲ್ಲ. ಮೂರು ವರ್ಷ ಕೋಪವನ್ನು ಸಾಕಿ ಸಲಹಿದ್ದೇ ಬಂತು.

"ದೂರ ನಿಲ್ಲಿ. ಕಬ್ಬಿಣ ಮುಟ್ಟಬೇಡಿ," ಎಂದು ಅವನು ಸ್ವಿಚ್ ಹಾಕಿದ.

'ಈಗ ಬಂತಾ ಬುದ್ಧಿ?' ಎಂದುಕೊಂಡಳು ಅವಳು.

ಗುಂಯ್... ಆಟದ ಸಂಗೀತ ಆ ಸದ್ದಿನೊಳಗೆ ಒಡೆದು ಗೊರಗೊರ ಎನ್ನುತ್ತಿತ್ತು. ಅವನು ವಾಲ್ಯೂಮ್ ಪೂರ್ತಿ ಇಳಿಸಿದ. ಸಂಗೀತ ನಿಂತಿತು, ಗುಂಯ್ ನಿಲ್ಲಲಿಲ್ಲ.

"ಗೇಮ್ ಬೋರ್ಡ್ ಸರಿಯಿದೆ. ಆಂಪ್ಲಿಫೈಯರ್‌ನಲ್ಲಿ ಗುಂಯ್ ತಡೆಯೋ ಕೆಪಾಸಿಟರ್ ಒಣಗಿದೆ." ಪ್ಲಗ್ ಕಿತ್ತು, ಹಿಂಬದಿಯ ಹಲಗೆ ತೆಗೆದು, ಸ್ಪೀಕರಿನ ಕಾಗದವನ್ನು ಎರಡು ಬೆರಳಿನಿಂದ ಮೆಲ್ಲಗೆ ಒತ್ತಿ ಕಿವಿಗೊಟ್ಟ. ಒಳಗೆ ಕರಕರ ಉಜ್ಜುವ ಸದ್ದು. "ಇದೂ ಹೋಗಿದೆ. ಹೊಸದು ಹಾಕ್ಬೇಕು."

ಅವನು ಪೆಟ್ಟಿಗೆಯೊಳಗೆ ಬಗ್ಗಿದ. ಅವಳು ಟಾರ್ಚ್ ತಂದಳು.

"ಬೇಡ, ಬೆಳಕು ಸಾಕು. ನೀವು ಒಳಗೆ ಹೋಗಿ."

"ಯಾಕೆ? ಮಾಡಿದ್ದು ಕಾಣುತ್ತೆ ಅಂತಾನಾ?"

ಅವನು ತಂತಿಯ ಮೇಲೆ ಅಂಗೈ ಅಡ್ಡ ಇಟ್ಟ. ಅವಳು ಆ ಕೈಯನ್ನು ಕಿತ್ತು ಸರಿಸಿದಳು.

ಕತ್ತರಿಸಿದ ತಂತಿಯ ತುದಿಗೆ ಕಪ್ಪು ಟೇಪ್ ಸುತ್ತಿತ್ತು. ಟೇಪಿನ ಕೊನೆಯನ್ನು ಮಡಚಿ ಪುಟ್ಟ ಬಾಲ ಬಿಡಲಾಗಿತ್ತು.

ಹಾಗೆ ಬಾಲ ಬಿಡುವವರು ಇಡೀ ಊರಿನಲ್ಲಿ ಒಬ್ಬರೇ. 'ಬಿಚ್ಚೋರಿಗೆ ಉಗುರು ನೋಯಬಾರದು, ಪುಟ್ಟಿ' ಎನ್ನುತ್ತಿದ್ದರು ಅಪ್ಪ. ಬಾಲ ಹಿಡಿದು ಎಳೆಯುವುದೇ ಅವಳ ಬಾಲ್ಯದ ಆಟವಾಗಿತ್ತು. ಇವನೋ, ಟೇಪು ಕಂಡರೇ ಆಗದವನು. ಬೆಸುಗೆ ಹಾಕಿ ಪ್ಲಾಸ್ಟಿಕ್ ಕೊಳವೆ ತೊಡಿಸದೆ ಯಾವ ತಂತಿಯನ್ನೂ ಬಿಟ್ಟವನಲ್ಲ. ಇಷ್ಟು ಗೊತ್ತಿದ್ದೂ ಅವಳು ಒಮ್ಮೆಯೂ ಬಗ್ಗಿ ನೋಡಿರಲಿಲ್ಲ!

"ಇದು... ಅಪ್ಪ ಮಾಡಿದ್ದು."

ಅವನು ಅವಳ ಕೈಯಿಂದ ಟಾರ್ಚ್ ತೆಗೆದುಕೊಂಡು ಆರಿಸಿದ.

"ನಿನಗೆ ಗೊತ್ತಿತ್ತಾ?"

"ಕತ್ತರಿಸು ಅಂದ್ರು, ಆಗಲ್ಲ ಅಂದೆ. ಕೆಪಾಸಿಟರ್ ತರ್ತೀನಿ, ಎರಡು ದಿನ ತಡೀರಿ ಅಂದಿದ್ದೆ. ಅವರಿಗೆ ಅರ್ಜೆಂಟು, ಸದ್ದು ಕೇಳಿ ಗಿರಾಕಿಗಳು ವಾಪಸ್ ಹೋಗ್ತಿದ್ರು."

"ನನಗ್ಯಾಕೆ ಹೇಳಲಿಲ್ಲ?"

"ಅವರು ಹಾಸಿಗೆ ಮೇಲಿದ್ರು. ಅವರ ತಪ್ಪು ಅಂತ ನಾನು ಬಾಯಿಬಿಟ್ಟಿದ್ರೆ ಮಾವ ಆಗಲೇ ಸತ್ತುಹೋಗ್ತಿದ್ರು. ನನ್ನ ಮಾತು ನೀನೇ ನಂಬ್ತೀಯ ಅನ್ಕೊಂಡಿದ್ದೆ. ನಂಬಲಿಲ್ಲ."

ಅವನ ಹೆಸರು ಉಳಿಸಬೇಕೆಂದರೆ ಅಪ್ಪನ ಮಾನ ಬೀದಿಗೆ ಬರುತ್ತದೆ. ಅಪ್ಪನ ತಪ್ಪನ್ನು ಮುಚ್ಚಿಟ್ಟರೆ ಇವನು ಜೀವನವಿಡೀ ಕಳಂಕ ಹೊತ್ತು ತಿರುಗುತ್ತಾನೆ.

"ಹೋಗ್ಲಿ ಬಿಡು," ಎಂದ ಅವನು. "ಇದನ್ನ ಜೋಡಿಸಿ ಹೊರಡ್ತೀನಿ. ಯಾರಿಗೂ ಹೇಳೋದು ಬೇಡ."

"ಫೋನ್... ಕೊಡು."

ಇಬ್ಬರೂ ತಿರುಗಿದರು. ಹಿಂದಿನ ಕೋಣೆಯ ಬಾಗಿಲಲ್ಲಿ ಅಪ್ಪ, ಎಡಗೈಯಲ್ಲಿ ಚೌಕಟ್ಟು ಹಿಡಿದು ನಿಂತಿದ್ದರು. ಎಲ್ಲವನ್ನೂ ಕೇಳಿಸಿಕೊಂಡಿದ್ದರು.

"ಅಪ್ಪಾ, ನೀನಾ?"

"ನಾನೇ. ನಿನ್ನ ಮುಖ... ನೋಡೋಕೆ... ಆಗ್ಲಿಲ್ಲ, ಪುಟ್ಟಿ."

ನಾಚಿಕೆಯಿಂದ ತಿರುಗಿದ ಮುಖವನ್ನು ಅವಳು ಇವನ ಮೇಲಿನ ಸಿಟ್ಟು ಎಂದು ಓದಿಕೊಂಡಿದ್ದಳು. ಬೈಯಲು ಹೊರಟ ಬಾಯಿ, ಚೌಕಟ್ಟಿಗೆ ಜೋತುಬಿದ್ದ ಆ ಎಡಗೈಯನ್ನು ಕಂಡು ಮುಚ್ಚಿಕೊಂಡಿತು. ಅವಳು ಅದೇ ವಾಟ್ಸಾಪ್ ಗುಂಪನ್ನು ತೆರೆದು, ರೆಕಾರ್ಡ್ ಮಾಡುವ ಗುಂಡಿ ಒತ್ತಿ, ಫೋನನ್ನು ಅಪ್ಪನ ಬಾಯಿಯ ಬಳಿ ಹಿಡಿದಳು.

"ಮಾವ, ಬೇಡ," ಎಂದು ಅವನು ಮುಂದೆ ಬಂದ.

ಅಪ್ಪ ಒಪ್ಪದೆ ಅಡ್ಡಡ್ಡ ತಲೆಯಾಡಿಸಿದರು. ಪ್ರತಿ ಪದಕ್ಕೂ ಎಂಜಲು ನುಂಗುತ್ತಾ ಹೇಳಿದರು:

"ತಂತಿ ಕತ್ತರಿಸಿದ್ದು... ನಾನು. ಹುಡುಗ... ಬೇಡ ಅಂದಿದ್ದ. ತಪ್ಪು... ನಂದು. ಅವನನ್ನ... ಕೆಲಸಕ್ಕೆ ಕರೀರಿ."

ಆ ನಾಲ್ಕು ಮಾತಿಗೆ ಎರಡು ನಿಮಿಷ ಹಿಡಿಯಿತು. ಅವಳು ಕಳಿಸಿದಳು. ಅಪ್ಪ ಅಲ್ಲೇ ಸ್ಟೂಲಿನ ಮೇಲೆ ಕುಸಿದು ಕೂತು ಮಗುವಿನಂತೆ ಅತ್ತರು. ಅವನು ಮೊಣಕಾಲೂರಿ ಅವರ ಸತ್ವವಿಲ್ಲದ ಬಲಗೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡ.

ಆಮೇಲೆ ಅವನು ತಂತಿಗೆ ಬೆಸುಗೆ ಹಾಕಿದ, ಕೆಪಾಸಿಟರ್ ಬದಲಿಸಿದ, ಹೊಸ ಸ್ಪೀಕರ್ ಕೂರಿಸಿದ. ಸಂಗೀತ ಶುದ್ಧವಾಗಿ ಬಂತು. ಅದನ್ನು ಕೇಳಿ ಖುಷಿಪಡುವ ತ್ರಾಣ ಮೂವರಲ್ಲಿ ಯಾರಿಗೂ ಇರಲಿಲ್ಲ.

ಅವನು ಬ್ಯಾಗ್ ಹೆಗಲಿಗೇರಿಸಿದ. ಅವಳು ಬಾಗಿಲಿಗೆ ಅಡ್ಡ ನಿಂತಳು.

"ನನ್ನ ಮೇಲೆ ಕೋಪ ಇದ್ಯಾ?"

"ಇದೆ. ತುಂಬಾ ಇದೆ."

"ಪ್ರೀತಿ?"

ಅವನು ಬ್ಯಾಗಿನ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಂಡ. "ಅದೂ ಇದೆ. ಏನು ಮಾಡ್ಲಿ..."

"ಹಂಗಾದ್ರೆ ಕೋಪ ಇಟ್ಕೊಂಡೇ ಇರು. ಆದ್ರೆ ಇಲ್ಲೇ ಇರು."

ಬ್ಯಾಗು ಹೆಗಲಿನಿಂದ ಮೆಲ್ಲಗೆ ಕೆಳಗಿಳಿಯಿತು.

"ದಿನಾ ಬೈತೀನಿ, ನೋಡು."

"ಬೈ," ಎಂದಳು ಅವಳು, ಅಳುತ್ತಲೇ. "ಈ ಸಲ ಕೇಳಿಸ್ಕೋತೀನಿ."