ಅಡ್ಡ ಬಿದ್ದ ಗೆರೆ

"ಮೊದಲು ದೀಪ ಆರಿಸಿ!"

ಊರಾಚೆಯ ಹಳೆಯ ಇಟ್ಟಿಗೆ ಗೂಡಿನ ಬಯಲಿನಲ್ಲಿ ಅವಳು ಕಾರಿನ ಗಾಜು ಬಡಿದ ರಭಸಕ್ಕೆ ಹಿಂದಿನ ಸೀಟಿನಲ್ಲಿ ಮಲಗಿದ್ದ ನಾಯಿ ಬೆಚ್ಚಿ ಎದ್ದು ಕೂತಿತು. ಸ್ಟಿಯರಿಂಗ್ ಹಿಡಿದಿದ್ದವನು ಅದಕ್ಕಿಂತ ಹೆಚ್ಚು ಬೆಚ್ಚಿದ್ದ.

ಗಾಜು ಕೆಳಗಿಳಿಯಿತು. ಅವಳು ಉಸಿರು ತೆಗೆದುಕೊಳ್ಳದೆ ಬೈದಳು. ಅಲ್ಲಿ ಕ್ಯಾಮರಾ ಕಣ್ಣು ತೆರೆದುಕೊಂಡು ಕೂತಿದೆ, ಒಂದು ಮಸುಕು ಧೂಮಕೇತುವಿಗಾಗಿ ಸಂಜೆಯಿಂದ ಕಾಯುತ್ತಿದ್ದೇನೆ, ನಿಮ್ಮ ಹೆಡ್‌ಲೈಟಿನ ಒಂದೇ ಹೊಡೆತಕ್ಕೆ ಚಿತ್ರವೆಲ್ಲ ಸುಣ್ಣ ಬಳಿದ ಗೋಡೆಯಾಯಿತು ಎಂದಳು.

ಅವನು ದೀಪ ಆರಿಸಿದ. ನಕ್ಷತ್ರ ನೋಡುವವರು ಇಲ್ಲಿ ಸೇರುತ್ತಾರೆಂದು ಕೇಳಿ ಇದೇ ಮೊದಲ ಸಲ ಬಂದೆ, ತಪ್ಪಾಯಿತು ಎಂದ.

"ಇನ್ನು ಮೇಲೆ ಕಾರು ರಸ್ತೆಯಲ್ಲೇ ನಿಲ್ಲಿಸಿ, ನಡ್ಕೊಂಡು ಬನ್ನಿ," ಎಂದಳು ಅವಳು.

"ಅಂದ್ರೆ... ಮತ್ತೆ ಬರಬಹುದು?"

ಕತ್ತಲಲ್ಲಿ ಅವನ ಮುಖ ಕಾಣಲಿಲ್ಲ. ದನಿ ಮಾತ್ರ ಕೇಳಿಸಿತು. ಆ ದನಿಯಲ್ಲಿ ಕೋಪದ ಎಳೆಯೂ ಇರಲಿಲ್ಲ. ಅವಳಿಗೇ ಒಂದು ಥರ ಆಯಿತು.

ಅವನು ಮುಂದಿನ ವಾರವೂ ಬಂದ, ಅದರ ಮುಂದಿನ ವಾರವೂ ಬಂದ. ಪ್ರತಿ ಸಲವೂ ಭಾರದ ದೂರದರ್ಶಕವನ್ನು ಹೆಗಲ ಮೇಲೆ ಹೊತ್ತು ರಸ್ತೆಯಿಂದ ನಡೆದೇ ಬಂದ. ಅವನು ಪಶುವೈದ್ಯ. ಪೇಟೆಯ ಹಿಂಬದಿಯಲ್ಲಿ ಸಣ್ಣ ಆಸ್ಪತ್ರೆ ಇಟ್ಟುಕೊಂಡಿದ್ದ. ನಕ್ಷತ್ರ ವೀಕ್ಷಕರ ಸಂಘದವರೆಲ್ಲ ಅವನನ್ನು ಡಾಕ್ಟ್ರೇ ಎಂದು ಕರೆಯತೊಡಗಿದರು.

ಅವಳು ದಂತ ಪ್ರಯೋಗಾಲಯವೊಂದರಲ್ಲಿ ಹಲ್ಲಿನ ಸೆಟ್ಟು ಮಾಡುತ್ತಿದ್ದಳು. ಅಚ್ಚು ಬರುತ್ತಿತ್ತು, ಅದಕ್ಕೆ ಮೇಣ ತುಂಬಿ, ಒಂದೊಂದೇ ಹಲ್ಲು ಕೂರಿಸಿ, ಒಸಡಿಗೆ ಬಣ್ಣ ಹೊಂದಿಸಿ ಕಳಿಸುತ್ತಿದ್ದಳು. ಯಾರದೋ ಬಾಯಲ್ಲಿ ಅವಳ ಕೆಲಸ ನಗುತ್ತಿತ್ತು. ಹೊಗಳಿಕೆ ದಂತವೈದ್ಯರಿಗೆ ಸಿಗುತ್ತಿತ್ತು. ಅದಕ್ಕಾಗಿ ಅವಳು ಯಾವತ್ತೂ ಗೊಣಗಿದವಳಲ್ಲ. ಆದರೆ ಒಳಗೆಲ್ಲೋ ಒಂದು ಮುಳ್ಳು ಇದ್ದೇ ಇತ್ತು.

ಅವಳು ಇದ್ದದ್ದು ಅಕ್ಕ ಬಾವನ ಮನೆಯಲ್ಲಿ. ಹುಟ್ಟಿದಾಗ ಅಂಗೈಯಷ್ಟಿದ್ದಳೆಂದು ಮನೆಯಲ್ಲಿ ಅವಳನ್ನು ಚುಕ್ಕಿ ಎನ್ನುತ್ತಿದ್ದರು. "ಚುಕ್ಕಿ ಚುಕ್ಕಿ ನೋಡೋಕೆ ಹೋಗಿದ್ದಾಳೆ" ಎಂಬುದು ಬಾವನ ಹಳಸಲು ಜೋಕು. ಡಾಕ್ಟರ ಸುದ್ದಿ ಊಟದ ಹೊತ್ತಿಗೆ ಮೇಲಿಂದ ಮೇಲೆ ಬರತೊಡಗಿದಾಗ, ಅವಳು ನೋಡುತ್ತಿರುವುದು ಆಕಾಶವನ್ನೇ ಹೌದೋ ಅಲ್ಲವೋ ಎಂದು ಬಾವ ಅಕ್ಕನಿಗೆ ಕಣ್ಣು ಹೊಡೆದ. ಅವಳು ಸಾರಿನ ಪಾತ್ರೆಯ ಕಡೆ ನೋಡುತ್ತ ಕೆಂಪಾದಳು.

ಆ ವರ್ಷ ಸಂಘದವರೆಲ್ಲ ಕಾಯುತ್ತಿದ್ದದ್ದು ಒಂದು ನೌಕೆಗಾಗಿ.

ಕೆಲವು ವರ್ಷಗಳ ಹಿಂದೆ ಭೂಮಿಯಿಂದ ಹಾರಿಹೋದ ನೌಕೆ ಅದು. ದೂರದ ಒಂದು ಕ್ಷುದ್ರಗ್ರಹಕ್ಕೆ ಹೊರಟಿತ್ತು. ಅಷ್ಟು ದೂರ ಹೋಗಲು ಅದಕ್ಕೆ ವೇಗ ಸಾಲದು. ಹಾಗಾಗಿ ಸೂರ್ಯನನ್ನು ಸುತ್ತಿ ಬಂದು, ಭೂಮಿಯ ಪಕ್ಕದಲ್ಲೇ ಹಾದು, ಭೂಮಿಯ ಸೆಳೆತದಿಂದ ಕವಣೆಯ ಕಲ್ಲಿನಂತೆ ಬೀಸಿಸಿಕೊಂಡು ಮತ್ತೆ ಹೊರಟುಹೋಗುತ್ತಿತ್ತು. ಇನ್ನೆಂದೂ ತಿರುಗಿ ಬರುವುದಿಲ್ಲ. ಆ ಒಂದು ಸಂಜೆ ಮಾತ್ರ, ಒಳ್ಳೆಯ ಕ್ಯಾಮರಾ ಇದ್ದವರಿಗೆ ಮಸುಕಾದ ಚುಕ್ಕೆಯಾಗಿ ಕಾಣಬಹುದು ಎಂದು ಸಂಘದ ಹಿರಿಯರಾದ ಮೇಷ್ಟ್ರು ಹೇಳಿದ್ದರು.

ಅವಳೂ ಅವನೂ ಸೇರಿ ಅದರ ದಾರಿಯನ್ನು ನಕ್ಷೆಯಲ್ಲಿ ಗುರುತು ಮಾಡಿದರು. ಒಂದೇ ಹಾಳೆಯ ಮೇಲೆ ಬಗ್ಗಿದಾಗ ತಲೆಗಳು ತಾಗಿದವು. ಇಬ್ಬರೂ ಏನೂ ಆಗದವರಂತೆ ಪೆನ್ಸಿಲ್ ಹುಡುಕಿದರು. ನೌಕೆ ಹೋದ ಮೇಲೆ ನಿಮ್ಮ ಹತ್ತಿರ ಒಂದು ಮಾತು ಹೇಳುವುದಿದೆ ಎಂದು ಅವನು ಅಂದಿದ್ದ. ಅದೇನೆಂದು ಅವಳು ಕೇಳಲಿಲ್ಲ. ಕೇಳದಿದ್ದರೂ ಗೊತ್ತಿತ್ತು...

ಆದರೆ ಆ ಸಂಜೆ ಅವನು ಬರಲಿಲ್ಲ. ಕಾರಿಗೆ ಸಿಕ್ಕಿದ ನಾಯಿಯೊಂದನ್ನು ಯಾರೋ ಹೊತ್ತು ತಂದಿದ್ದಾರೆ, ಆಪರೇಷನ್ ಆಗಬೇಕು ಎಂದು ಸುದ್ದಿ ಕಳಿಸಿದ.

ಅವಳು ಒಬ್ಬಳೇ ಕ್ಯಾಮರಾ ಹೂಡಿದಳು. ಕೇಬಲ್ಲು ಎಲ್ಲೋ ಸಿಕ್ಕಿಕೊಂಡು ಎಳೆಯುತ್ತಿತ್ತು. ಅದನ್ನು ಬಿಡಿಸಲು ಕ್ಯಾಮರಾವನ್ನು ದೂರದರ್ಶಕದ ತುದಿಯಲ್ಲಿ ಕಾಲು ಸುತ್ತು ತಿರುಗಿಸಿ ಬಿಗಿದಳು. ಹೊತ್ತು ಮುಳುಗಿ ಕತ್ತಲಾಗುತ್ತಿದ್ದಂತೆ ಮೋಡವೂ ಏರಿ ಬರುತ್ತಿತ್ತು. ಉಳಿದವರಿಗೆಲ್ಲ ಮೋಡವೇ ಸಿಕ್ಕಿತು. ಅವಳ ಒಂದು ಚಿತ್ರದಲ್ಲಿ ಮಾತ್ರ ಬೆಳ್ಳಗೆ ಹೊಳೆಯುವ ಒಂದು ಗೆರೆ ಬಿದ್ದಿತ್ತು. ನಕ್ಷೆಯಲ್ಲಿ ಗುರುತು ಹಾಕಿದ ದಾರಿಯಂತೆಯೇ ಕೆಳಗಿನಿಂದ ಮೇಲಕ್ಕೆ!

ಮೇಷ್ಟ್ರು ಅವಳ ತಲೆ ಸವರಿದರು. ಚಿತ್ರ ಊರಿನ ಪತ್ರಿಕೆಯಲ್ಲಿ ಬಂತು, ಕೆಳಗೆ ಅವಳ ಹೆಸರಿತ್ತು. ಅಕ್ಕ ಅದನ್ನು ಕತ್ತರಿಸಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. ಪ್ರಯೋಗಾಲಯದ ಯಜಮಾನ ಕೂಡ ಅವಳ ಮೇಜಿನ ತನಕ ಎದ್ದು ಬಂದು ಕೈ ಕುಲುಕಿದ. ನೀರು ಕುಡಿಯಲು ಫ್ರಿಜ್ಜಿನ ಹತ್ತಿರ ಹೋದಾಗಲೆಲ್ಲ ಅವಳು ಆ ಹೆಸರನ್ನು ಓದುತ್ತಿದ್ದಳು.

ಗ್ರಂಥಾಲಯದ ಸಭಾಂಗಣದಲ್ಲಿ ಸಂಘದವರು ಅವಳಿಗೊಂದು ಪುಟ್ಟ ಸನ್ಮಾನ ಇಟ್ಟುಕೊಂಡರು. ಚಪ್ಪಾಳೆ ಮುಗಿದು ಎಲ್ಲರೂ ಚಹಾ ಹಿಡಿದುಕೊಂಡಿದ್ದಾಗ ಡಾಕ್ಟರ್ ಅವಳ ಹತ್ತಿರ ಬಂದ.

"ಒಂದು ನಿಮಿಷ ಬನ್ನಿ. ಆ ಗೆರೆ... ಇನ್ನೊಂದು ಸಲ ನೋಡೋಣ್ವಾ? ನನಗ್ಯಾಕೋ ಅದು ನೌಕೆ ಅಲ್ಲ ಅನ್ಸುತ್ತೆ. ಯಾವುದೋ ಉಪಗ್ರಹ ಅಡ್ಡ ಹಾದಿರಬೇಕು."

ಅವನು ಮೆಲ್ಲಗೆ, ಬೇರೆ ಯಾರಿಗೂ ಕೇಳದಂತೆ ಹೇಳಿದ್ದ. ಆದರೆ ಅವಳ ಕಿವಿಯಲ್ಲಿ ಅದು ಸಿಡಿಲಿನಂತೆ ಬಿತ್ತು. ಜೀವಮಾನದಲ್ಲಿ ಒಂದೇ ಒಂದು ಸಲ ಅಚ್ಚಾದ ಹೆಸರು... ಅದನ್ನೂ ಕಿತ್ತುಕೊಳ್ಳಬೇಕೇ? ಅದೂ ಇವನು?

"ನಿಮಗೆ ಸಿಗಲಿಲ್ಲ ಅಂತ ನನಗೆ ಸಿಕ್ಕಿದ್ದನ್ನ ಸುಳ್ಳು ಮಾಡ್ತೀರಾ?" ಅವಳ ದನಿ ಏರಿತು. "ಹೊಟ್ಟೆಕಿಚ್ಚಿಗೂ ಒಂದು ಮಿತಿ ಇರಬೇಕು. ದನ ನಾಯಿಗೆ ಸೂಜಿ ಚುಚ್ಚೋರಿಗೆ ಆಕಾಶದ ಉಸಾಬರಿ ಯಾಕೆ?"

ಎಲ್ಲರೂ ತಿರುಗಿ ನೋಡಿದರು. ಯಾರದೋ ಚಮಚ ಲೋಟಕ್ಕೆ ತಾಗಿದ ಸದ್ದು ಮಾತ್ರ ಕೇಳಿಸಿತು.

ಅವನು ಚಹಾದ ಲೋಟವನ್ನು ಮೇಜಿನ ಮೇಲಿಟ್ಟು, ಮೇಷ್ಟ್ರಿಗೆ ಕೈಮುಗಿದು ಹೊರಟುಹೋದ.

ಅವಳಿಗೆ ರಾತ್ರಿಯಿಡೀ ಸಿಟ್ಟೇ ಇತ್ತು. ಬೆಳಿಗ್ಗೆ ಎದ್ದವಳೇ ಅವನ ಬಾಯಿ ಮುಚ್ಚಿಸಲೆಂದು ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದಳು. ಚಿತ್ರದಲ್ಲಿದ್ದ ನಕ್ಷತ್ರಗಳನ್ನು ನಕ್ಷೆಯ ನಕ್ಷತ್ರಗಳಿಗೆ ಹೊಂದಿಸಲು ಕೂತಳು. ಅವು ಹೊಂದಲಿಲ್ಲ. ಚಿತ್ರವನ್ನು ಹಿಂದೆ ಮುಂದೆ ಎಳೆದಳು. ಆಗಲೂ ಹೊಂದಲಿಲ್ಲ. ಕೊನೆಗೆ ಚಿತ್ರವನ್ನು ಕಾಲು ಸುತ್ತು ತಿರುಗಿಸಿದಳು.

ಎಲ್ಲ ನಕ್ಷತ್ರಗಳೂ ಒಂದೊಂದಾಗಿ ತಮ್ಮ ಜಾಗದಲ್ಲಿ ಹೋಗಿ ಕೂತವು. ಬೆಳ್ಳನೆಯ ಗೆರೆ ನೌಕೆಯ ದಾರಿಗೆ ಅಡ್ಡಲಾಗಿ ಬಿದ್ದಿತ್ತು.

ಕೇಬಲ್ಲು... ಕಾಲು ಸುತ್ತು ತಿರುಗಿಸಿ ಬಿಗಿದ ಕ್ಯಾಮರಾ...

ಬೆನ್ನ ಹಿಂದೆ ಅಕ್ಕ ಫ್ರಿಜ್ಜು ತೆರೆದು ಹಾಲು ತೆಗೆದಳು. ಯಾಕೇ ಬಿಳಿಚಿಕೊಂಡಿದ್ದೀಯಾ ಎಂದು ಕೇಳಿದಳು. ಅವಳು ಲ್ಯಾಪ್‌ಟಾಪ್ ಮುಚ್ಚಿದಳು. ನಾಚಿಕೆ ಕಾಲಿನಿಂದ ಹತ್ತಿ ಕುತ್ತಿಗೆಯ ತನಕ ಬಂದಿತ್ತು. ಚಿತ್ರ ತಪ್ಪಾದದ್ದಕ್ಕೆ ಅಲ್ಲ. ತಪ್ಪು ಯಾರಿಗಾದರೂ ಆಗುತ್ತದೆ. ಆದರೆ ಆ ಮಾತು! ಸೂಜಿ ಚುಚ್ಚೋರಿಗೆ ಆಕಾಶ ಯಾಕೆ ಅಂದೆನಲ್ಲ... ಮೇಣ ತುಂಬೋಳಿಗೆ ಯಾಕೆ ಅಂತ ಯಾರಾದರೂ ನನ್ನನ್ನು ಕೇಳಿದ್ದರೆ?

ಅವಳು ಸಂಜೆಯ ಕೂಟಗಳಿಗೆ ಹೋಗುವುದನ್ನು ಬಿಟ್ಟಳು. ಮೇಷ್ಟ್ರು ಫೋನು ಮಾಡಿದರೆ ಎತ್ತಲಿಲ್ಲ. ಪ್ರಯೋಗಾಲಯಕ್ಕೆ ಬಂದವರು ಪತ್ರಿಕೆಯಲ್ಲಿ ನಿಮ್ಮನ್ನು ನೋಡಿದೆವು ಎಂದಾಗಲೆಲ್ಲ ಮುಖವನ್ನು ಅಚ್ಚಿನ ಮೇಲೆ ಬಗ್ಗಿಸಿಕೊಂಡಳು. ಅವನಿಗೆ ಮೆಸೇಜು ಬರೆದು ಬರೆದು ಅಳಿಸಿದಳು. ಕ್ಷಮಿಸಿ ಎಂಬ ಮಾತು ಬರೆದಾಗ ಅಷ್ಟು ಅಗ್ಗವಾಗಿ ಕಾಣುತ್ತಿತ್ತು.

ಒಂದು ಸಂಜೆ ಫ್ರಿಜ್ಜಿನ ಬಾಗಿಲಿನ ಕಾಗದವನ್ನು ಅವಳು ಉಗುರಿನಿಂದ ಕೆರೆದು ತೆಗೆಯುತ್ತಿದ್ದಾಗ ಅಕ್ಕ ಕೈ ಹಿಡಿದಳು. ಆಗ ಎಲ್ಲವೂ ಹೊರಗೆ ಬಂತು, ಅಳುವೂ ಬಂತು. ಅಕ್ಕ ಅವಳ ಕಣ್ಣೊರೆಸಿದಳು.

"ಮಾತು ಆಡಿದ್ದು ಎಲ್ಲರ ಮುಂದೆ ಅಲ್ವಾ ಚುಕ್ಕಿ? ಹಾಗಾದ್ರೆ ಮೂಲೇಲಿ ಕೂತು ಅತ್ರೆ ಅದು ತೀರಲ್ಲ."

ಮುಂದಿನ ಕೂಟಕ್ಕೆ ಅವಳು ಹೋದಳು. ಅದೇ ಸಭಾಂಗಣದಲ್ಲಿ ಎದ್ದು ನಿಂತು, ಚಿತ್ರ ನೌಕೆಯದಲ್ಲ, ಪತ್ರಿಕೆಗೂ ಹಾಗೆಂದು ತಿಳಿಸಿದ್ದೇನೆ ಎಂದಳು. ಡಾಕ್ಟರು ಹೇಳಿದ್ದೇ ಸರಿ, ನಾನು ಅವರಿಗೆ ಅಂದದ್ದು ಮನುಷ್ಯರು ಆಡುವ ಮಾತಲ್ಲ ಎಂದೂ ಹೇಳಿದಳು. ಯಾರೂ ನಗಲಿಲ್ಲ. ತಾನು ಹರೆಯದಲ್ಲಿ ದೂರದ ಗೋಪುರವೊಂದರ ಕೆಂಪು ದೀಪವನ್ನು ಮಂಗಳ ಗ್ರಹವೆಂದು ಇಡೀ ಬೀದಿಗೆ ತೋರಿಸಿದ್ದೆ ಎಂದು ಮೇಷ್ಟ್ರು ಹೇಳಿದಾಗ ಮಾತ್ರ ಎಲ್ಲರೂ ನಕ್ಕರು. ಅವಳೂ ನಕ್ಕಳು. ಆದರೆ ಅವನು ಅಲ್ಲಿರಲಿಲ್ಲ. ಆ ದಿನದಿಂದ ಬಂದೇ ಇಲ್ಲವೆಂದು ಯಾರೋ ಹೇಳಿದರು.

ಮರುದಿನ ಮಧ್ಯಾಹ್ನ ಅವಳು ರಜೆ ಹಾಕಿ ಅವನ ಆಸ್ಪತ್ರೆಗೆ ಹೋದಳು.

ಮುಂದಿನ ಕೋಣೆಯ ಬೆಂಚಿನ ಮೇಲೆ ಬುಟ್ಟಿಯಲ್ಲಿ ಬೆಕ್ಕು, ಪಂಜರದಲ್ಲಿ ಗಿಳಿ, ಕುತ್ತಿಗೆಗೆ ಪ್ಲಾಸ್ಟಿಕ್ ಪಟ್ಟಿ ಕಟ್ಟಿಸಿಕೊಂಡ ಒಂದು ನಾಯಿ, ಅವುಗಳ ಮನೆಯವರು ಎಲ್ಲ ಸಾಲಾಗಿ ಕೂತಿದ್ದರು. ಮೇಜಿನ ಹಿಂದಿದ್ದ ಹೆಂಗಸು ತಲೆಯೆತ್ತದೆ ಕೇಳಿದಳು.

"ಯಾವ ಪ್ರಾಣಿ?"

"ಪ್ರಾಣಿ... ಇಲ್ಲ."

"ಮತ್ತೆ ತೊಂದರೆ ಯಾರಿಗೆ?"

ಅವಳ ಮುಖ ಸುಟ್ಟುಹೋದಂತಾಯಿತು. "ನನಗೇ," ಎಂದಳು. ಹೆಂಗಸು ಅವಳನ್ನು ಮೇಲಿಂದ ಕೆಳಗೆ ನೋಡಿ, ಗಿಳಿಯ ನಂತರ ಒಳಗೆ ಹೋಗಿ ಎಂದಳು.

ಗಿಳಿ ಹೊರಗೆ ಬಂತು. ಅವಳು ಒಳಗೆ ಹೋದಳು.

ಅವನು ಬಾಗಿಲಿಗೆ ಬೆನ್ನು ಹಾಕಿ ಕೈ ತೊಳೆಯುತ್ತಿದ್ದ. ತಿರುಗಿದವನು ಅವಳನ್ನು ಕಂಡು ಕೈ ಒರೆಸಿಕೊಳ್ಳುವುದನ್ನೇ ಮರೆತ. ನೀರು ನೆಲಕ್ಕೆ ತೊಟ್ಟಿಕ್ಕಿತು.

ಬರುವಾಗ ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತುಗಳೆಲ್ಲ ಅವಳ ಬಾಯಿಂದ ಮಾಯವಾಗಿದ್ದವು. ಉಳಿದಿದ್ದನ್ನಷ್ಟೇ ಹೇಳಿದಳು.

"ನೀವು ಹೇಳಿದ್ದು ಸರಿ. ಗೆರೆ ಅಡ್ಡ ಇತ್ತು. ಅದನ್ನ ಎಲ್ಲರ ಮುಂದೆ ಹೇಳಿದ್ದೀನಿ. ಆದ್ರೆ ನಾನು ಇಲ್ಲಿಗೆ ಬಂದಿದ್ದು ಅದಕ್ಕಲ್ಲ. ನಿಮ್ಮ ಕೆಲಸಕ್ಕೆ ನಾನು ಅಂದ ಮಾತಿಗೆ... ನಿಮ್ಮ ಮುಖ ನೋಡೋಕೂ ಆಗ್ತಿಲ್ಲ."

ಅವನು ಜೇಬಿನಿಂದ ಫೋನು ತೆಗೆದು, ಒಂದು ಚಿತ್ರ ತೆರೆದು ಮೇಜಿನ ಮೇಲಿಟ್ಟ.

ನಕ್ಷತ್ರಗಳ ನಡುವೆ, ಅವರಿಬ್ಬರೂ ಪೆನ್ಸಿಲ್ಲಿನಲ್ಲಿ ಗುರುತು ಹಾಕಿದ್ದ ದಾರಿಯಲ್ಲೇ, ಕಂಡೂ ಕಾಣದ ಮಸುಕು ಚುಕ್ಕೆಗಳು. ಅವನು ಒಂದರ ಹಿಂದೆ ಒಂದು ತೆಗೆದ ಚಿತ್ರಗಳನ್ನು ಸೇರಿಸಿದ್ದ. ನೌಕೆ ಮೆಲ್ಲಗೆ ನಡೆದುಹೋಗಿತ್ತು.

"ನಿಮಗೆ ಸಿಕ್ಕಿತ್ತಾ!" ಎಂದಳು ಅವಳು.

ನಾಯಿಯ ಆಪರೇಷನ್ ಬೇಗ ಮುಗಿದಿತ್ತಂತೆ. ಬಯಲಿನ ತನಕ ಬರಲು ಹೊತ್ತಿರಲಿಲ್ಲ. ದೂರದರ್ಶಕ, ಕ್ಯಾಮರಾ ಹೊತ್ತು ಆಸ್ಪತ್ರೆಯ ತಾರಸಿಗೆ ಓಡಿದನಂತೆ. ಈ ಕಡೆ ಮೋಡ ಇನ್ನೂ ಬಂದಿರಲಿಲ್ಲ. ಮೊದಲು ಅವಳಿಗೇ ತೋರಿಸಬೇಕು, ಆಮೇಲೆ ಹೇಳಬೇಕಾದ ಮಾತು ಹೇಳಬೇಕು ಅಂದುಕೊಂಡಿದ್ದನಂತೆ. ಅಷ್ಟರಲ್ಲಿ ಅವಳ ಚಿತ್ರ ಪತ್ರಿಕೆಯಲ್ಲಿ ಬಂತು.

ಅವಳಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಸಿಗಲಿಲ್ಲ ಅಂತ ಹೊಟ್ಟೆಕಿಚ್ಚು ಎಂದೆನಲ್ಲ... ಆಗ ಇವನ ಜೇಬಿನಲ್ಲೇ ಇತ್ತಲ್ಲ ಇದು! ಒಂದು ಮಾತು ಹೇಳಿದ್ದರೆ ನಾನು ಅಲ್ಲೇ ಮಣ್ಣಾಗುತ್ತಿದ್ದೆ. ಇವನು ಹೇಳಲಿಲ್ಲ.

"ನನ್ನನ್ನ ದೊಡ್ಡ ಮನುಷ್ಯ ಮಾಡಬೇಡಿ," ಎಂದ ಅವನು, ಅವಳ ಮನಸ್ಸು ಓದಿದವನಂತೆ. "ನೀವು ಹೊಟ್ಟೆಕಿಚ್ಚು ಅಂದ್ರಲ್ಲ, ಅದು ಸುಳ್ಳಲ್ಲ. ಅವತ್ತು ನಿಮಗೆ ಚಪ್ಪಾಳೆ ಬೀಳ್ತಿತ್ತು, ನಿಜವಾದ ಚಿತ್ರ ನನ್ನ ಜೇಬಲ್ಲಿತ್ತು. ಒಳಗೆ ಉರೀತು. ನಿಮ್ಮ ಒಳ್ಳೇದಕ್ಕೇ ಅಂತ ನನಗೆ ನಾನೇ ಹೇಳ್ಕೊಂಡು ಎದ್ದು ಬಂದೆ. ಇನ್ನೊಂದು ದಿನ ಕಾದು, ನಿಮ್ಮ ಮನೆಗೇ ಬಂದು ಹೇಳಬಹುದಿತ್ತು. ಕಾಯಲಿಲ್ಲ. ನೀವು ಬೈದಾಗ ಸಿಕ್ಕಿಬಿದ್ದ ಹಾಗಾಯ್ತು. ಅದಕ್ಕೇ ಓಡಿಹೋದೆ. ನಾಚಿಕೆಯಾಗಿ ಆ ಕಡೆ ತಲೆ ಹಾಕಲಿಲ್ಲ."

ಇಷ್ಟು ದಿನ ಒಂದೇ ಊರಿನ ಎರಡು ಮೂಲೆಗಳಲ್ಲಿ ಇಬ್ಬರೂ ಒಬ್ಬರಿಗೊಬ್ಬರು ಮುಖ ಮುಚ್ಚಿಕೊಂಡು ಕೂತಿದ್ದರೇ? ಅವಳಿಗೆ ನಗು ಬಂತೋ ಅಳು ಬಂತೋ ತಿಳಿಯಲಿಲ್ಲ. ಎರಡೂ ಒಟ್ಟಿಗೇ ಬಂದವು.

ಹೊರಗೆ ನಾಯಿಯೊಂದು ಬೊಗಳಿತು. ಮೇಜಿನ ಹೆಂಗಸು ಬಾಗಿಲು ತೆರೆದು ಇಣುಕಿ, ಇಬ್ಬರ ಮುಖವನ್ನೂ ನೋಡಿ, ಮೆಲ್ಲಗೆ ಮುಚ್ಚಿಕೊಂಡು ಹೋದಳು. ಡಾಕ್ಟರು ಸ್ವಲ್ಪ ಹೊತ್ತು ಯಾರನ್ನೂ ನೋಡುವುದಿಲ್ಲ ಎಂದು ಅವಳು ಹೊರಗೆ ಹೇಳಿದ್ದು ಕೇಳಿಸಿತು.

"ಏನೋ ಹೇಳೋದಿದೆ ಅಂದಿದ್ರಿ," ಎಂದಳು ಅವಳು, ನೆಲ ನೋಡುತ್ತ.

"ಇಂಥ ಹೊತ್ತಲ್ಲಿ ಹೇಳಬೇಕಾಗುತ್ತೆ ಅಂದ್ಕೊಂಡಿರಲಿಲ್ಲ. ಕೈಯಲ್ಲಿ ಇನ್ನೂ ಔಷಧದ ವಾಸನೆ ಇದೆ." ಅವನು ಉಸಿರೆಳೆದುಕೊಂಡ. "ನನಗೆ ನೀವು ಬೇಕು. ಬೈದ್ರೂ ಸರಿ, ತಪ್ಪಿದ್ರೂ ಸರಿ. ನೀವಿಲ್ಲದೆ ಆ ಚಿತ್ರವನ್ನೂ ಯಾರಿಗೂ ತೋರಿಸೋಕೆ ಮನಸ್ಸಾಗಲಿಲ್ಲ."

ಅವಳು ತಲೆಯೆತ್ತಿದಳು. ಬಂದಾಗಿನಿಂದ ಮೊದಲ ಸಲ ಅವನ ಕಣ್ಣುಗಳನ್ನು ನೋಡಿದಳು. ಅವೂ ಅವಳ ಕಣ್ಣುಗಳಷ್ಟೇ ಕೆಂಪಾಗಿದ್ದವು.

"ನನಗೂ ನೀವೇ ಬೇಕು," ಎಂದಳು. "ಆದ್ರೆ ನಾಚಿಕೆ ಇನ್ನೂ ಹೋಗಿಲ್ಲ."

"ನನಗೂ."

ಅವನು ಗೋಡೆಯ ಪಕ್ಕದಲ್ಲಿದ್ದ ಸ್ಟೂಲನ್ನು ಎಳೆದು ಒರೆಸಿ ಅವಳ ಹತ್ತಿರ ಇಟ್ಟ. ಅವಳು ಕೂತಳು. ಅವನ ಒದ್ದೆ ಕೈ ಅವಳ ಕೈಯ ಪಕ್ಕದಲ್ಲೇ, ಮೇಜಿನ ಅಂಚಿನ ಮೇಲಿತ್ತು. ಅವಳೇ ಅದನ್ನು ಹಿಡಿದುಕೊಂಡಳು.

"ಈ ನಾಚಿಕೆ ಸ್ವಲ್ಪ ಕಡಿಮೆ ಆಗೋ ತನಕ ಇಲ್ಲೇ ಕೂತಿರ್ಲಾ?" ಎಂದು ಕೇಳಿದಳು.

"ಕಡಿಮೆ ಆದ್ಮೇಲೂ ಕೂತಿರಿ," ಎಂದ ಅವನು.