ಮೇಲೆ ಬಂದ ಚೌಕ

"ಯಾರು ಯಾವ ನಕ್ಷೆ ನೋಡ್ತಾರೆ ಅನ್ನೋದು ನನ್ನ ಬಾಯಿಂದ ಹೊರಗೆ ಬರಲ್ಲ."

ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಭೂವಿಜ್ಞಾನದ ಗ್ರಂಥಪಾಲಕಿಯಾಗಿ ಸೇರಿದ ಹೊಸತರಲ್ಲಿ ಅವರು ಒಬ್ಬ ಸಂಶೋಧಕನಿಗೆ ಹೀಗೆ ಮಾತು ಕೊಟ್ಟಿದ್ದರು. ತನ್ನ ಕೆಲಸದ ಜಾಡು ಬೇರೆಯವರಿಗೆ ಸಿಕ್ಕಿಬಿಟ್ಟೀತೆಂಬ ಭಯ ಅವನದು. ಆ ಸಂಶೋಧಕ ಈಗ ವಿಭಾಗದ ಮುಖ್ಯಸ್ಥ, ಪ್ರೊಫೆಸರ್. ಆ ಗ್ರಂಥಪಾಲಕಿ ಈಗ ಎಲ್ಲರಿಗೂ ನಕ್ಷೆ ಮೇಡಂ.

ಸೋಮವಾರ ಬೆಳಿಗ್ಗೆ ಮೇಡಂ ನಕ್ಷೆಕೋಣೆಯ ಅಗಲವಾದ ಡ್ರಾಯರ್ ಎಳೆದರು. ಖಾಲಿ.

ಹೋದದ್ದು ಗುಡ್ಡಸಾಲಿನಿಂದ ನದಿ ಸಮುದ್ರ ಸೇರುವ ಜಾಗದವರೆಗಿನ ಹಳೆಯ ನಕ್ಷೆ. ಕೈಯಲ್ಲಿ ಬಣ್ಣ ಹಚ್ಚಿದ್ದು, ಚೌಕಚೌಕವಾಗಿ ಕತ್ತರಿಸಿ ಬಟ್ಟೆಯ ಮೇಲೆ ಅಂಟಿಸಿದ್ದು. ಇನ್ನೊಂದು ಪ್ರತಿ ಎಲ್ಲೂ ಇಲ್ಲ. ಗ್ರಂಥಾಲಯದಲ್ಲಿ ಅದನ್ನು ಮಡಿಸುತ್ತಿರಲಿಲ್ಲ, ಹರಡಿಯೇ ಇಡುತ್ತಿದ್ದರು.

ಹಿಂದಿನ ವಾರವಿಡೀ ಮೇಡಂ ಕೆಳಗಿನ ಕೌಂಟರ್‌ನಲ್ಲಿದ್ದರು. ಪುಸ್ತಕ ಕೊಡಲು, ತೆಗೆದುಕೊಳ್ಳಲು ಯಾರಾದರೇನು, ಒಂದೊಂದು ವಿಷಯಕ್ಕೆ ಒಬ್ಬೊಬ್ಬರು ಯಾಕೆ—ಇದು ಮುಖ್ಯ ಗ್ರಂಥಪಾಲಕರ ಹೊಸ ಲೆಕ್ಕಾಚಾರ. ಹಾಗಾಗಿ ನಕ್ಷೆಕೋಣೆ ಹೇಳುವವರು ಕೇಳುವವರಿಲ್ಲದೆ ತೆರೆದುಕೊಂಡಿತ್ತು.

ಹುಡುಕಾಟ ನಡೆಯಿತು. ಮಧ್ಯಾಹ್ನ ನಕ್ಷೆ ಮಡಿಸಿದ ಸ್ಥಿತಿಯಲ್ಲಿ ಸಿಕ್ಕಿತು—ಸಂಶೋಧಕರ ಕೋಣೆಯಲ್ಲಿ, ಬೀಗವಿಲ್ಲದ ಮೇಜಿನ ಡ್ರಾಯರ್‌ನಲ್ಲಿ. ಆ ಮೇಜು ನದಿಯ ಮರಳಿನ ಮೇಲೆ ಸಂಶೋಧನೆ ಮಾಡುತ್ತಿದ್ದ ಹುಡುಗಿಯದು. ನಕ್ಷೆಯನ್ನು ಕೊನೆಯದಾಗಿ ಕೇಳಿ ಪಡೆದವಳೂ ಅವಳೇ.

ಮುಖ್ಯ ಗ್ರಂಥಪಾಲಕರು ಅವಳನ್ನು ತಮ್ಮ ಕೋಣೆಗೆ ಕರೆಸಿದರು. ಸಂಜೆ ಶಿಸ್ತು ಸಮಿತಿ ಸೇರಲಿತ್ತು. ಕಳ್ಳತನವೆಂದು ಬರೆದು ಕಳಿಸಿದರೆ ಅವಳ ನೋಂದಣಿ ರದ್ದು. ಪ್ರೊಫೆಸರರೂ ಬಂದು ಕೂತಿದ್ದರು. ಚಿಕ್ಕ ಹುಡುಗಿ, ತಪ್ಪಾಯಿತೆಂದು ಬರೆದುಕೊಟ್ಟರೆ ಬಿಟ್ಟುಬಿಡೋಣ ಎಂದು ಅವರೇ ಶಿಫಾರಸು ಮಾಡಿದರು.

"ಮಾಡದೇ ಇರೋದನ್ನ ಮಾಡಿದೆ ಅಂತ ಹೇಗೆ ಬರೆಯಲಿ ಸರ್? ನೋಡಿ ಮುಗಿಸಿ ಅಲ್ಲೇ ಮೇಜಿನ ಮೇಲೆ ಬಿಟ್ಟು ಬಂದೆ. ಎತ್ತಿಡೋಕೆ ಯಾರೂ ಇರಲಿಲ್ಲ," ಎಂದಳು ಹುಡುಗಿ. ಪಟ್ಟು ಬಿಡಲಿಲ್ಲ.

ಆಗ ಮೇಡಂ ಒಳಗೆ ಬಂದರು. ನಕ್ಷೆಯನ್ನು ಬಿಚ್ಚಿದಿರಾ ಎಂಬುದು ಅವರ ಮೊದಲ ಪ್ರಶ್ನೆ. ಇಲ್ಲ, ಅಂಚಿನ ಮುದ್ರೆ ನೋಡಿ ಹಾಗೇ ಲಕೋಟೆಗೆ ಹಾಕಿದೆ ಎಂದರು ಮುಖ್ಯ ಗ್ರಂಥಪಾಲಕರು.

"ಒಳ್ಳೇದಾಯ್ತು. ಹಾಗೇ ಇರಲಿ."

ಮೇಡಂ ತಾವು ತಂದಿದ್ದ ಬೇರೊಂದು ನಕ್ಷೆಯನ್ನು ಹುಡುಗಿಯ ಕೈಗಿಟ್ಟರು. "ಇದನ್ನ ಮಡಿಸಿ ಕೊಡಮ್ಮ."

ಹುಡುಗಿ ತಬ್ಬಿಬ್ಬಾದಳು. ಆದರೂ ಮಡಿಸಿದಳು—ಚಿತ್ರ ಒಳಗೆ, ಬಿಳಿ ಬೆನ್ನು ಹೊರಗೆ.

"ಬೆಡ್‌ಶೀಟ್ ಮಡಿಸಿದ ಹಾಗಾಯ್ತು. ಕಾಗದದ ನಕ್ಷೆ ಹಿಡ್ಕೊಂಡು ಯಾವತ್ತಾದ್ರೂ ಗುಡ್ಡ ಹತ್ತಿದ್ದೀಯಾ?"

"ಇಲ್ಲ ಮೇಡಂ. ನಂದೆಲ್ಲ ದೋಣಿಯಲ್ಲಿ, ಫೋನ್ ನೋಡ್ಕೊಂಡು."

ಮೇಡಂ ಲಕೋಟೆಯಿಂದ ನಕ್ಷೆ ತೆಗೆದರು. ಚಿತ್ರ ಹೊರಗಿತ್ತು. ಒಂದೇ ಒಂದು ಚೌಕ ಮೇಲೆ, ಉಳಿದವೆಲ್ಲ ಅದರ ಹಿಂದೆ.

"ಗುಡ್ಡದಲ್ಲಿ ಕೆಲಸ ಮಾಡೋರು ಮಡಿಸೋ ರೀತಿ ಇದು. ಒಂದು ಕೈಯಲ್ಲಿ ಸುತ್ತಿಗೆ ಇರತ್ತೆ, ಗಾಳಿ ಬೇರೆ. ಬೇಕಾದ ಜಾಗವನ್ನ ಮೇಲೆ ತಂದ್ಕೋತಾರೆ. ಈಗಿನ ಮಕ್ಕಳಿಗೆ ಈ ಅಭ್ಯಾಸ ಇಲ್ಲ. ಈಗ ಮೇಲ್ಗಡೆ ಬಂದಿರೋ ಚೌಕ ನೋಡಿ. ಇವಳಿಗೆ ಬೇಕಾದ ನದಿ ಇದರಲ್ಲಿಲ್ಲ. ಇದು ನಮ್ಮ ಹೊಸ ಹಾಸ್ಟೆಲ್ ಕಟ್ಟೋ ಇಳಿಜಾರು."

ಆ ಚೌಕದಲ್ಲಿ ನಾಲಿಗೆಯಂತೆ ಕೆಳಕ್ಕೆ ಚಾಚಿದ ಕಂದು ಬಣ್ಣವಿತ್ತು. ಗುಡ್ಡ ಹಿಂದೊಮ್ಮೆ ಕುಸಿದು ಬಂದ ಗುರುತು. ಇಳಿಜಾರು ಕುಸಿದ ದಾಖಲೆ ಎಲ್ಲೂ ಇಲ್ಲ, ಕಟ್ಟಬಹುದು—ಹೀಗೆಂದು ವರದಿ ಬರೆದು ಸಹಿ ಹಾಕಿದವರು ಯಾರೆಂದು ಆ ಕೋಣೆಯಲ್ಲಿ ಎಲ್ಲರಿಗೂ ಗೊತ್ತು.

ಪ್ರೊಫೆಸರ್ ನಕ್ಕರು. "ವರದಿ ನಂದೇ. ಆದ್ರೆ ಈ ನಕ್ಷೆ ನಾನು ನೋಡೇ ಇಲ್ಲ ಅಂದ್ರೆ?"

ಮುಖ್ಯ ಗ್ರಂಥಪಾಲಕರು ಮೇಡಂ ಕಡೆ ತಿರುಗಿದರು. "ಈ ಚೌಕವನ್ನ ಯಾರಾದ್ರೂ ಕೇಳಿದ್ದು ನಿಮಗೆ ನೆನಪಿದೆಯಾ?"

ಮೇಡಂ ನಕ್ಷೆಯ ಅಂಚು ಸರಿಮಾಡಿದರು. ಹುಡುಗಿ ಅವರನ್ನೇ ನೋಡುತ್ತಿದ್ದಳು.

"ಮೇಡಂ," ಪ್ರೊಫೆಸರರ ದನಿ ತಗ್ಗಿತು, "ನೀವು ನನಗೊಂದು ಮಾತು ಕೊಟ್ಟಿದ್ರಿ."

"ಹೌದು ಸರ್, ಕೊಟ್ಟಿದ್ದೆ." ಮೇಡಂ ಮುಖ್ಯ ಗ್ರಂಥಪಾಲಕರ ಕಡೆಗೇ ನೋಡಿ ಮುಂದುವರಿಸಿದರು. "ವರದಿ ಬರೆಯೋ ಮೊದಲು ಇವರು ಬಂದಿದ್ರು. ಆ ಇಳಿಜಾರಿನ ಹಳೇ ನಕ್ಷೆ ಏನಿದೆ ಅಂತ ಕೇಳಿದ್ರು. ಇದನ್ನ ಹರಡಿ ತೋರಿಸಿದವಳು ನಾನೇ. ಈ ಕಂದು ಬಣ್ಣದ ಮೇಲೆ ಬೆರಳಿಟ್ಟು ತುಂಬಾ ಹೊತ್ತು ನಿಂತಿದ್ರು. ಆಮೇಲೆ ಈ ಜಾಗ ಕೇಳ್ಕೊಂಡು ಬೇರೆ ಯಾರೂ ಬಂದಿಲ್ಲ."

ಪ್ರೊಫೆಸರ್ ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಳ್ಳಲಿಲ್ಲ. ಅಷ್ಟು ಹಳೆಯ ಕುಸಿತ ಮತ್ತೆ ಆಗಲಿಕ್ಕಿಲ್ಲ ಅಂದುಕೊಂಡೆ ಎಂದರು. ಹಾಸ್ಟೆಲ್ ಜಾಗ ಪರಿಶೀಲಿಸಲಿದ್ದ ಹೊರಗಿನ ಎಂಜಿನಿಯರ್ ಹಳೆಯ ನಕ್ಷೆ ನೋಡಲು ಬರುತ್ತಾರೆಂದು ತಿಳಿದಾಗ, ನಕ್ಷೆ ಮೇಜಿನ ಮೇಲೇ ಬಿದ್ದಿತ್ತು, ನಕ್ಷೆಕೋಣೆಯಲ್ಲಿ ಯಾರೂ ಇರಲಿಲ್ಲ; ಮಡಿಸಿ ಎತ್ತಿಕೊಂಡು ಹೋದರಂತೆ. ಹುಡುಕಾಟ ಶುರುವಾದ ಮೇಲೆ ಕೈಗೆ ಸಿಕ್ಕ ಡ್ರಾಯರ್‌ಗೆ ತುರುಕಿದರಂತೆ.

"ಯಾರ ಮೇಜು ಅಂತ ನೋಡ್ಲಿಲ್ಲ," ಎಂದರು.

"ನಂದು ಸರ್," ಎಂದಳು ಹುಡುಗಿ.

ಸಮಿತಿಗೆ ಹೋಗಬೇಕಿದ್ದ ಕಾಗದದಿಂದ ಅವಳ ಹೆಸರು ಹೊಡೆದುಹಾಕಲಾಯಿತು. ಹಾಸ್ಟೆಲ್ ಕೆಲಸ ನಿಂತಿತು. ನಾಳೆಯಿಂದ ನಕ್ಷೆಕೋಣೆಯಲ್ಲೇ ಇರಿ ಎಂದು ಮುಖ್ಯ ಗ್ರಂಥಪಾಲಕರು ಮೇಡಂಗೆ ಹೇಳಿದರು. ಮೇಡಂ ಹೂಂ ಎಂದರು.

ಕೊಟ್ಟ ಮಾತನ್ನು ಅವರು ಮುರಿದಿದ್ದರು.