ಎಡಗೈಯ ನಾಲ್ಕನೇ ಬೆರಳು

ಮೇಷ್ಟ್ರು ಅಂಗಡಿಯೊಳಗೆ ಬಂದದ್ದೇ ಜಗಳಕ್ಕೆ. ಬಾಗಿಲ ಗಂಟೆ ಸುಮ್ಮನಾಗುವಷ್ಟೂ ಪುರುಸೊತ್ತು ಕೊಡದೆ, ಕೈಯಲ್ಲಿದ್ದ ಹಳದಿ ರಟ್ಟಿನ ಪುಸ್ತಕವನ್ನು ಕೌಂಟರಿನ ಮೇಲೆ ದಪ್ಪನೆ ಹಾಕಿದರು.

"ಇದನ್ನ ಬರೆದ ಮಹಾನುಭಾವರು ಯಾರು?"

ಕೌಂಟರಿನಲ್ಲಿ ಕೂತಿದ್ದ, ಅಂಗಡಿಯವಳ ಸೋದರತ್ತೆ ಕನ್ನಡಕದ ಮೇಲಿನಿಂದ ಒಮ್ಮೆ ಅವರನ್ನು ಅಳೆದಳು. ಆಮೇಲೆ ಒಳಕೋಣೆಯ ಕಡೆ ಕೊರಳು ತಿರುಗಿಸಿ, "ಬಾರೇ ಹೊರಗೆ, ನಿನ್ನ ಅಭಿಮಾನಿ ಬಂದಿದ್ದಾರೆ" ಎಂದು ಕೂಗಿದಳು.

ಅದು ಕೀಬೋರ್ಡ್ ವಾದ್ಯದವರ ಅಂಗಡಿ. ಪಿಯಾನೊ, ಆರ್ಗನ್, ಹಾರ್ಮೋನಿಯಂ, ಕರೆಂಟಿನ ಕೀಬೋರ್ಡು, ಯಾವುದನ್ನು ನುಡಿಸುವವರೇ ಆಗಲಿ, ನೋಟೇಶನ್ ಪುಸ್ತಕ ಬೇಕಾದರೆ ಇಲ್ಲಿಗೇ ಬರಬೇಕು. ಹಿಂದುಗಡೆ ಅಪ್ಪ ಬಿಟ್ಟುಹೋದ ಸಣ್ಣ ಪ್ರೆಸ್ಸು. ಅಲ್ಲಿಂದ ಅವಳು ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದಳು. ಮೂವತ್ತೆಂಟರ ಹೆಂಗಸು, ನೆಟ್ಟಗಿನ ಬೆನ್ನು, ಕೆನ್ನೆಗೆ ಮಸಿ.

"ನಾನೇ ಬರೆದದ್ದು. ಏನಾಯ್ತು?"

"ಏನಾಯ್ತಾ? ಸಂಗೀತ ಶಾಲೆಗೆ ಹೊಸದಾಗಿ ಸೇರಿದೀನಿ. ನನ್ನ ಕ್ಲಾಸಿನ ಮಕ್ಕಳು ಒಬ್ಬರಿಗೂ ಎಡಗೈ ಸರಿ ಇಲ್ಲ. ಯಾಕಪ್ಪಾ ಅಂತ ನೋಡಿದ್ರೆ ನಿಮ್ಮ ಪುಸ್ತಕ! ಯಾವ ಸ್ವರಕ್ಕೆ ಯಾವ ಬೆರಳು ಅಂತ ನಂಬರ್ ಹಾಕಿದೀರಲ್ಲ, ಹೆಬ್ಬೆರಳು ಒಂದು, ಕಿರುಬೆರಳು ಐದು ಅಂತ. ಬಲಗೈಗೆ ಒಂದರಿಂದ ಐದರ ತನಕ ಎಲ್ಲಾ ಇದೆ. ಎಡಗೈಗೆ ಮೊದಲ ಪುಟದಿಂದ ಕೊನೇ ಪುಟದ ತನಕ ಒಂದೇ ಒಂದು ನಾಲ್ಕು ಇಲ್ಲ. ಇದನ್ನ ಬರೆದೋರಿಗೆ ನಾಲ್ಕನೇ ಬೆರಳೇ ಇಲ್ವಾ?"

ಅವಳು ಎಡಗೈ ಎತ್ತಿ ಕೌಂಟರಿನ ಮೇಲಿಟ್ಟಳು. ಉಂಗುರದ ಬೆರಳು ಮೊದಲ ಗೆಣ್ಣಿಗೇ ಮುಗಿದಿತ್ತು.

"ಇಲ್ಲ" ಎಂದಳು.

ಮೇಷ್ಟ್ರ ಮುಖದ ರಕ್ತವೆಲ್ಲ ಇಳಿದುಹೋಯಿತು. ಸೋದರತ್ತೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸತೊಡಗಿದಳು. ನಗು ಬಂದರೂ ಅಳು ಬಂದರೂ ಅವಳು ಮಾಡುವುದು ಅದನ್ನೇ.

ನಿಜ ಹೇಳಬೇಕೆಂದರೆ, ಮೇಷ್ಟ್ರಿಗಿಂತ ಹೆಚ್ಚು ಬೆಚ್ಚಿಬಿದ್ದವಳು ಪುಸ್ತಕ ಬರೆದವಳೇ. ಚಿಕ್ಕಂದಿನಲ್ಲಿ ಕಾಗದ ಕತ್ತರಿಸುವ ಮಷಿನ್ನು ಬೆರಳು ತಿಂದಮೇಲೂ ಅವಳು ಪಿಯಾನೊ ಬಿಟ್ಟಿರಲಿಲ್ಲ. ಪುಸ್ತಕ ಬರೆಯುವಾಗ ಒಂದೊಂದು ಪಾಠವನ್ನೂ ತಾನೇ ನುಡಿಸಿ, ಯಾವ ಸ್ವರಕ್ಕೆ ಯಾವ ಬೆರಳು ಬಿತ್ತೋ ಆ ನಂಬರನ್ನೇ ಬರೆದಿದ್ದಳು. ತನ್ನ ಕೈ ಎಲ್ಲರ ಕೈಯಂತಲ್ಲ ಅನ್ನುವುದು ಅವಳ ತಲೆಗೇ ಬಂದಿರಲಿಲ್ಲ. ಹೋದ ಬೆರಳನ್ನು ನೆನೆದು ಕೂತವಳೂ ಅವಳಲ್ಲ.

"ಕ್ಷಮಿಸಿ, ನನಗೆ ಗೊತ್ತಿರಲಿಲ್ಲ, ನಾನು..." ಮೇಷ್ಟ್ರು ತೊದಲಿದರು.

"ಕ್ಷಮೆ ಗಿಮೆ ಆಮೇಲೆ. ತಪ್ಪು ಇದೆಯೋ ಇಲ್ವೋ?"

"ಇದೆ."

"ಹಾಗಾದ್ರೆ ಬಾಯಿ ಮಾಡಿದೋರೇ ಬಂದು ಸರಿಮಾಡಿಸಿ. ಐದು ಬೆರಳಿರೋ ಎಡಗೈ ಬೇಕು ನನಗೆ. ಶಾಲೆ ಮುಗಿಸ್ಕೊಂಡು ದಿನಾ ಇಲ್ಲಿಗೆ ಬನ್ನಿ. ಮುಂದಿನ ವರ್ಷದ ಮಕ್ಕಳ ಕೈಗೆ ಈ ತಪ್ಪು ಪುಸ್ತಕ ಹೋಗಕೂಡದು."

ಕೇಳಿಕೊಂಡದ್ದಲ್ಲ, ಅಪ್ಪಣೆ. ಮೇಷ್ಟ್ರು ತಲೆಯಾಡಿಸಿದರು.

*

ಹಾಗೆ ಶುರುವಾಯಿತು. ಅಂಗಡಿಯ ಮೂಲೆಯ ಹಳೇ ಪಿಯಾನೊದ ಮುಂದೆ ಮೇಷ್ಟ್ರು ಕೂರುವುದು, ಪಕ್ಕದಲ್ಲಿ ಅವಳು ಪೆನ್ಸಿಲ್ ಹಿಡಿದು ನಿಲ್ಲುವುದು. ಅವರು ಒಂದು ಸಾಲು ನುಡಿಸಿದರೆ ಅವಳು ಬೆರಳು ನೋಡಿ ನಂಬರ್ ಬರೆಯಬೇಕು.

ಅವಳಿಗೆ ಆ ಕೈ ನೋಡುವುದೇ ಒಂದು ಕೆಲಸವಾಯಿತು. ಉದ್ದನೆಯ ಬೆರಳುಗಳು, ಗೆಣ್ಣಿನ ಮೇಲೆ ತೆಳ್ಳಗೆ ಕೂದಲು, ಕಿರುಬೆರಳಿನ ಪಕ್ಕ ಬ್ಲಾಕ್‌ಬೋರ್ಡಿನ ಸೀಮೆಸುಣ್ಣ. ಕರಿ ಕೀ ಹತ್ತುವಾಗ ಮಣಿಕಟ್ಟು ಸ್ವಲ್ಪ ಬಲಕ್ಕೆ ವಾಲುತ್ತಿತ್ತು, ಏನೋ ಗುಟ್ಟು ಕೇಳಿಸಿಕೊಳ್ಳುವವರ ತಲೆಯ ಹಾಗೆ.

"ಬರೆದ್ರಾ?" ಅವರು ಕೇಳುವರು.

"ಇನ್ನೊಂದ್ಸಲ ನುಡಿಸಿ."

"ಇದು ಮೂರನೇ ಸಲ."

"ನಿಮಗೇನು ಗಂಟು ಹೋಗುತ್ತೆ? ನುಡಿಸಿ ಅಂದ್ರೆ ನುಡಿಸಿ."

ಮೇಷ್ಟ್ರು ನಗು ತಡೆಯಲು ಕೆಳತುಟಿ ಕಚ್ಚುವರು. ತುಟಿಯಲ್ಲಿ ತಡೆದ ನಗು ಕಿವಿಯ ತುದಿಯಲ್ಲಿ ಕೆಂಪಗೆ ಕಾಣುತ್ತಿತ್ತು. ಅವಳು ಅದನ್ನು ನೋಡಿ, ನೋಡಲಿಲ್ಲವೆಂಬಂತೆ ಪೆನ್ಸಿಲ್ ಚೂಪು ಮಾಡುವಳು. ಚೂಪಾಗಿದ್ದ ಪೆನ್ಸಿಲನ್ನೇ ಮತ್ತೆ ಮತ್ತೆ.

"ಒಂದು ಪುಟಕ್ಕೆ ಒಂದು ಪೆನ್ಸಿಲ್ ಮುಗೀತಿದೆ" ಸೋದರತ್ತೆ ಕೂತಲ್ಲಿಂದಲೇ ರಾಗ ಎಳೆದಳು. "ಪುಸ್ತಕ ಮುಗಿಯೋ ಹೊತ್ತಿಗೆ ಕಾಡು ಖಾಲಿ."

"ನೀನು ಸುಮ್ನಿರು ಅತ್ತೆ."

"ನಾನೆಲ್ಲಿ ಮಾತಾಡಿದೆ? ಬಾಯಿಗೆ ಬೀಗ ಹಾಕ್ಕೊಂಡು ಕೂತಿದೀನಿ."

ಮಧ್ಯೆ ಮಧ್ಯೆ ಜಗಳವೂ ಭರ್ಜರಿಯಾಗೇ ನಡೆಯಿತು. ತನ್ನ ನಂಬರುಗಳನ್ನು ಪೂರ್ತಿ ಅಳಿಸಲು ಅವಳು ಒಪ್ಪಲಿಲ್ಲ. ಬೆರಳು ಮೋಟಾದ ಮಗು ಒಂದಾದರೂ ಎಲ್ಲೋ ಇದ್ದೀತು. ಅದು ಕಲಿಯುವುದು ಬೇಡವೇ? ಕೊನೆಗೆ ಎರಡು ಸಾಲು ಅಂತ ತೀರ್ಮಾನವಾಯಿತು, ಸ್ವರದ ಮೇಲೆ ಮೇಷ್ಟ್ರ ನಂಬರು, ಕೆಳಗೆ ಅವಳದು. ಅಚ್ಚಿನ ಮೊದಲ ಹಾಳೆ ಹೊರಬಂದಾಗ ಇಬ್ಬರೂ ಅದನ್ನು ಬೆಳಕಿಗೆ ಹಿಡಿದು ನೋಡಿದರು. ಒಂದೇ ಹಾಳೆಯ ಎರಡು ಅಂಚು, ಒಂದು ಅವರ ಕೈಯಲ್ಲಿ, ಒಂದು ಅವಳ ಕೈಯಲ್ಲಿ. ಯಾರೂ ಬೇಗ ಕೈ ಬಿಡಲಿಲ್ಲ.

ಆ ಹೊತ್ತಿನಲ್ಲೇ ಮೇಷ್ಟ್ರು ಕೇಳಿದರು.

"ಶಾಲೆಯ ವಾರ್ಷಿಕ ಕಾರ್ಯಕ್ರಮ ಇದೆ. ಒಂದೇ ಪಿಯಾನೊದಲ್ಲಿ ಇಬ್ಬರು ನುಡಿಸೋ ತುಣುಕು ಒಂದಿದೆ. ನಾನು ಎಡಕ್ಕೆ, ನೀವು ಬಲಕ್ಕೆ. ಬರ್ತೀರಾ?"

ಅವಳು ಜನರ ಮುಂದೆ ಯಾವತ್ತೂ ನುಡಿಸಿದವಳಲ್ಲ. ಆದರೆ "ಆಗಲ್ಲ" ಅನ್ನುವ ಮಾತು ಅವಳ ನಾಲಿಗೆಗೆ ಅಭ್ಯಾಸವೇ ಇರಲಿಲ್ಲ.

"ಬರ್ತೀನಿ" ಎಂದಳು.

*

ಮೇಷ್ಟ್ರು ಅವಳ ಭಾಗವನ್ನು ಮುದ್ದಾಗಿ ಕೈಯಲ್ಲೇ ಬರೆದು ತಂದರು. ಇಬ್ಬರಿಗೂ ಒಂದೇ ಬೆಂಚು. ಮೊದಲ ಪುಟ ನುಡಿಸುವಷ್ಟರಲ್ಲೇ ಅವರ ಬಲಗೈ ಅವಳ ಎಡಗೈಯ ಜಾಗಕ್ಕೆ ಬಂದು ಬಂದು ಹೋಗುತ್ತಿತ್ತು. ಒಮ್ಮೆ ಬೆರಳಿಗೆ ಬೆರಳು ತಗುಲಿತು. ಇಬ್ಬರೂ ಎದುರಿನ ಗೋಡೆ ನೋಡಿದರು. ಗೋಡೆಯಲ್ಲಿ ಏನೂ ಇರಲಿಲ್ಲ.

ಆದರೂ ಅವಳ ಕಣ್ಣು ವ್ಯಾಪಾರದ ಕಣ್ಣು. ಆ ತುಣುಕಿನ ಅಚ್ಚಿನ ಪುಸ್ತಕವನ್ನು ವರ್ಷಗಟ್ಟಲೆ ಮಾರಿದವಳು ಅವಳು. ತಟ್ಟನೆ ಎದ್ದು ಕಪಾಟಿನಿಂದ ಅದನ್ನು ಎಳೆದು ಪಕ್ಕಕ್ಕಿಟ್ಟು ನೋಡಿದಳು. ಆ ಪುಟದಲ್ಲಿ ಅವಳ ಎಡಗೈ ನುಡಿಸಬೇಕಾದ ಕಷ್ಟದ ಸ್ವರಗಳೆಲ್ಲ ಮಾಯ. ಅವನ್ನೆಲ್ಲ ಮೇಷ್ಟ್ರು ತಮ್ಮ ಬಲಗೈಗೆ ಹಾಕಿಕೊಂಡಿದ್ದರು.

"ಇದೇನಿದು?"

"ನಿಮಗೆ ಕಷ್ಟ ಆಗಬಾರದು ಅಂತ..."

"ಓಹೋ, ಕನಿಕರ!"

"ಪೂರ್ತಿ ಕೇಳಿ..."

"ಏನ್ ಕೇಳೋದು? ಹಿಂದೆ ಒಬ್ಬ ಮಹರಾಯ ಬಂದಿದ್ದ, ಮದುವೆ ಆಗ್ತೀನಿ ಅಂತ. ನನ್ನ ಕೈ ನೋಡಿ, 'ಪರವಾಗಿಲ್ಲ, ನಾನು ಅಡ್ಜಸ್ಟ್ ಮಾಡ್ಕೋತೀನಿ' ಅಂದ. ಕುಡೀತಿದ್ದ ಕಾಫಿ ಲೋಟ ಕಿತ್ಕೊಂಡು ಕಳಿಸಿದೆ. ಅವತ್ತೇ ತೀರ್ಮಾನ ಮಾಡ್ದೆ, ಒಂಟಿಯಾಗಿದ್ರೂ ಸರಿ, ನನ್ನ ಮೇಲೆ ಅಯ್ಯೋ ಪಾಪ ಅನ್ನೋನ ಪಕ್ಕ ಕೂರಲ್ಲ ಅಂತ. ನೀವು ಅವನಿಗಿಂತ ಸ್ವಲ್ಪ ಚೆಂದವಾಗಿ ಬರೀತೀರಿ, ಅಷ್ಟೇ."

ಅವಳ ಕಣ್ಣಿನಲ್ಲಿ ನೀರು ನಿಂತದ್ದನ್ನು ನೋಡಿ ಮೇಷ್ಟ್ರು ಹಾಳೆಗಳನ್ನು ಅಲ್ಲೇ ಬಿಟ್ಟು ಎದ್ದರು. ಚೀಲ ಹೆಗಲಿಗೇರಿಸಿ ಹೊರಟವರು ಬಾಗಿಲಲ್ಲಿ ನಿಂತು, "ಆ ದಿನ ಕಾರ್ಯಕ್ರಮದಲ್ಲಿ ನಿಮ್ಮ ಜಾಗ ಖಾಲಿ ಇಟ್ಟಿರ್ತೀನಿ. ಬೇರೆ ಯಾರನ್ನೂ ಕೂರಿಸಲ್ಲ" ಎಂದು ಹೇಳಿ ಹೋದರು.

*

ಮಾರನೇ ದಿನದಿಂದ ಮೇಷ್ಟ್ರು ಬರಲಿಲ್ಲ. ಅವಳು ಬಾಗಿಲ ಗಂಟೆ ಅಲುಗಿದಾಗಲೆಲ್ಲ ತಲೆ ಎತ್ತಿ, ಬಂದ ಗಿರಾಕಿಯ ಮೇಲೆ ಸಿಡುಕಿದಳು.

ಸಿಡುಕುತ್ತಲೇ ಪಿಯಾನೊದ ಮುಂದೆ ಕೂತಳು. ಮೇಷ್ಟ್ರು ಬರೆದುಕೊಟ್ಟದ್ದನ್ನು ಮಗುಚಿಟ್ಟು ಅಚ್ಚಿನ ಪುಸ್ತಕ ತೆರೆದಳು. ಅದರಲ್ಲಿರುವ ಒಂದೊಂದು ಸ್ವರವನ್ನೂ ತಾನೇ ನುಡಿಸಬೇಕು. ಹಟ ಅಂದರೆ ಅದು. ನಾಲ್ಕನೇ ಬೆರಳು ಇರಬೇಕಾದ ಕಡೆ ಮೂರನೆಯದನ್ನು ಜಿಗಿಸಿದಳು, ತಡವಾಯಿತು. ಐದನೆಯದನ್ನು ಜಾರಿಸಿದಳು, ಒರಟಾಯಿತು. ಹೆಬ್ಬೆರಳನ್ನು ಕೆಳಗಿನಿಂದ ತೂರಿಸಿದಳು. ಮಣಿಕಟ್ಟು ನೋಯಿತು, ಬಟ್ಟೆ ಸುತ್ತಿಕೊಂಡಳು. ಗಿರಾಕಿ ಬಂದರೆ ಪುಸ್ತಕ ಕೊಟ್ಟು ಕಳಿಸಿ ಮತ್ತೆ ಕೂತಳು.

"ಸಾಕು ಮಾಡೇ, ಪಿಯಾನೊ ಅಳ್ತಿದೆ" ಎಂದಳು ಅತ್ತೆ.

"ಅಳಲಿ. ಆಮೇಲೆ ಹಾಡುತ್ತೆ."

ದಿನ ಹೋದಂತೆ ಹಾಡಿತು. ತೊಡಕಾಗಿದ್ದ ಸಾಲು ಒಂದು ಮಧ್ಯಾಹ್ನ ಎಲ್ಲೂ ಕಲ್ಲಿಗೆ ತಾಗದ ನೀರಿನ ಹಾಗೆ ಹರಿದುಹೋಯಿತು. ಅವಳಿಗೇ ನಂಬಿಕೆಯಾಗಲಿಲ್ಲ. ಮತ್ತೊಮ್ಮೆ ನುಡಿಸಿದಳು. ಮತ್ತೆ ಹರಿಯಿತು.

ಆಗ, ಗೆದ್ದ ಜಂಬದಲ್ಲಿ, ಈ ಮನುಷ್ಯ ನನ್ನಿಂದ ಏನೇನು ಕಿತ್ತುಕೊಂಡಿದ್ದ ನೋಡೋಣ ಎಂದು ಮೇಷ್ಟ್ರ ಹಾಳೆಗಳನ್ನು ತಿರುಗಿಸಿ ಎರಡನ್ನೂ ಪಕ್ಕಪಕ್ಕ ಇಟ್ಟಳು. ಮೊದಲ ಪುಟ ಸರಿ, ಕಷ್ಟದ ಸ್ವರಗಳನ್ನೇ ತೆಗೆದಿದ್ದಾರೆ. ಎರಡನೆಯ ಪುಟಕ್ಕೆ ಬಂದಾಗ ಅವಳ ಹುಬ್ಬು ಗಂಟಿಕ್ಕಿತು. ಮೂರನೆಯದಕ್ಕೆ ಬಂದಾಗ ಬಾಯಿ ಬಿಟ್ಟಳು.

"ಅತ್ತೆ, ಬಾ ಇಲ್ಲಿ. ನನ್ನ ಹೆಬ್ಬೆರಳಿನ ಸ್ವರಾನೂ ತಗೊಂಡಿದಾರೆ ಈ ಮನುಷ್ಯ! ನನ್ನ ಹೆಬ್ಬೆರಳಿಗೆ ಏನು ಧಾಡಿ? ಇಲ್ನೋಡು, ಮೂರು ವರ್ಷದ ಮಗು ನುಡಿಸುತ್ತೆ ಇದನ್ನ. ಇದನ್ನ ನುಡಿಸೋಕೆ ಅವರು ನನ್ನ ಕೈ ಮೇಲೆ ಕೈ ದಾಟಿಸಿ ಬರಬೇಕು. ಸುಮ್ಮನೆ ಕಷ್ಟ. ಯಾವ ಬುದ್ಧಿ ಇರೋನಾದ್ರೂ ಹೀಗೆ ಬರೀತಾನಾ?"

ಅತ್ತೆ ಕನ್ನಡಕ ಏರಿಸಿ ಹಾಳೆ ನೋಡಲಿಲ್ಲ, ಸೋದರಸೊಸೆಯ ಮುಖ ನೋಡಿದಳು.

"ಬುದ್ಧಿ ಇರೋನು ಬರೆಯಲ್ಲ. ಬುದ್ಧಿ ಕಳ್ಕೊಂಡಿರೋನು ಬರೀತಾನೆ."

ಅವಳು ಮತ್ತೆ ಹಾಳೆ ನೋಡಿದಳು. ಪುಟ ಮುಂದೆ ಹೋದಂತೆ ಮೇಷ್ಟ್ರ ಬಲಗೈ ಅವಳ ಕೈಯ ಹತ್ತಿರ ಹತ್ತಿರ ಬರುತ್ತಿತ್ತು. ಕೊನೆಯ ಪುಟದಲ್ಲಂತೂ ಹೊರಟುಹೋಗಲು ಮನಸ್ಸೇ ಇಲ್ಲದವರಂತೆ ಅಲ್ಲೇ ಸುಳಿಯುತ್ತಿತ್ತು. ಕನಿಕರ ಪಡುವವನು ಇಷ್ಟು ತೊಂದರೆ ತೆಗೆದುಕೊಳ್ಳುವುದಿಲ್ಲ. ಕನಿಕರ ಮೊದಲ ಪುಟಕ್ಕೇ ಮುಗಿದಿತ್ತು.

"ಬಾಯಿ ಬಿಟ್ಟು ಹೇಳೋಕೇನು ಧಾಡಿ ಈ ಮನುಷ್ಯನಿಗೆ!" ಎಂದು ಗದರಿ, ಕೆನ್ನೆ ಬಿಸಿಯಾಗಿ, ಅವಳು ಪ್ರೆಸ್ಸಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

*

ಕಾರ್ಯಕ್ರಮದ ಸಂಜೆ ಶಾಲೆಯ ಸಭಾಂಗಣದಲ್ಲಿ ಮಕ್ಕಳ ಅಪ್ಪ ಅಮ್ಮಂದಿರು ತುಂಬಿದ್ದರು. ಪರದೆಯ ಪಕ್ಕದ ಕತ್ತಲಲ್ಲಿ ಮೇಷ್ಟ್ರು ಇಸ್ತ್ರಿ ಮಾಡಿದ ಕಪ್ಪು ಕೋಟಿನಲ್ಲಿ ನಿಂತು ಬಾಗಿಲನ್ನೇ ನೋಡುತ್ತಿದ್ದರು. ಅವಳು ಬಂದದ್ದು ಹಿಂದಿನ ಬಾಗಿಲಿನಿಂದ.

"ಯಾರನ್ನ ಹುಡುಕ್ತಿದೀರಿ?"

ಮೇಷ್ಟ್ರು ತಿರುಗಿದ ರಭಸಕ್ಕೆ ಕೋಟಿನ ತೋಳು ಪರದೆಯ ಹಗ್ಗಕ್ಕೆ ಸಿಕ್ಕಿಕೊಂಡಿತು. ಅವಳು ಅದನ್ನು ಬಿಡಿಸಿದಳು. ಬಿಡಿಸಲು ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತೇ ಹಿಡಿಯಿತು.

"ಬಂದ್ರಿ" ಎಂದರು ಮೇಷ್ಟ್ರು.

"ಬಂದೆ. ಅಚ್ಚಿನ ಪುಸ್ತಕದಲ್ಲಿರೋ ಹಾಗೇ ನುಡಿಸ್ತೀನಿ. ನನ್ನ ಸ್ವರ ಒಂದೂ ಬಿಟ್ಟುಕೊಡಲ್ಲ. ನೀವು ನಿಮ್ಮ ಜಾಗದಲ್ಲಿ ಕೈ ಇಟ್ಕೊಂಡಿರಿ."

"ಸರಿ" ಎಂದು ಅವರು ತಲೆ ತಗ್ಗಿಸಿದರು.

"ಇನ್ನೊಂದು ಮಾತಿದೆ. ಅದನ್ನ ಈಗಲೇ ಹೇಳ್ತೀನಿ. ಆಮೇಲೆ ಹೇಳಿದ್ರೆ, ಚೆನ್ನಾಗಿ ನುಡಿಸಿದ್ರೆ ಜಂಬದಲ್ಲಿ ಹೇಳಿದಳು ಅಂತೀರಿ. ಕೆಟ್ಟದಾಗಿ ನುಡಿಸಿದ್ರೆ, ನೀವು ಪಾಪ ಅಂತ ಒಪ್ಕೊಂಡ್ರೇನೋ ಅಂತ ನನಗೆ ಜನ್ಮಪೂರ್ತಿ ಅನುಮಾನ. ಅದಕ್ಕೇ ಈಗ." ಅವಳು ಅವರ ಮುಖದಿಂದ ಕಣ್ಣು ಕದಲಿಸಲಿಲ್ಲ. "ನೀವಿಲ್ಲದ ಅಂಗಡಿ ನನಗೆ ಸೇರ್ತಿಲ್ಲ. ನಿಮ್ಮನ್ನ ಮದುವೆ ಆಗಬೇಕು ಅಂತ ತೀರ್ಮಾನ ಮಾಡಿದೀನಿ. ನಿಮ್ಮ ಅಭಿಪ್ರಾಯ ಏನು?"

ವೇದಿಕೆಯ ಮೇಲೆ ಒಂದು ಮಗು ನುಡಿಸಿದ್ದು ಮುಗಿದು ಚಪ್ಪಾಳೆ ಬಿತ್ತು. ಮೇಷ್ಟ್ರು ಆ ಗದ್ದಲ ಇಳಿಯುವ ತನಕವೂ ಕಾಯಲಿಲ್ಲ.

"ಎರಡನೇ ಪುಟ ಬರೆಯೋವಾಗಲೇ ನನ್ನ ಅಭಿಪ್ರಾಯ ಹೇಳಿಬಿಟ್ಟಿದ್ದೆ."

"ಅದನ್ನ ಓದ್ಕೊಂಡೆ. ನನಗೆ ಬಾಯಲ್ಲಿ ಬೇಕು."

"ಅವತ್ತು ಕೌಂಟರ್ ಮೇಲೆ ಕೈ ಇಟ್ಟು 'ಇಲ್ಲ' ಅಂದ್ರಲ್ಲ, ಅವತ್ತು ನನಗೆ ನಾಚಿಕೆ ಆಯ್ತು. 'ತಪ್ಪು ಇದೆಯೋ ಇಲ್ವೋ' ಅಂದ್ರಲ್ಲ, ಅಲ್ಲಿಂದ ಕೆಟ್ಟೆ. ಪಾಪ ಅನ್ನಬೇಕಾದ್ದು ನನ್ನನ್ನ. ಇಷ್ಟು ದಿನ ನಿಮ್ಮ ಬೀದಿಯ ಕೊನೆ ತನಕ ಬಂದು ವಾಪಸ್ ಹೋಗಿದೀನಿ." ಅವರು ಉಸಿರೆಳೆದುಕೊಂಡರು. "ಒಪ್ಪಿದೆ. ನೂರಕ್ಕೆ ನೂರು ಒಪ್ಪಿದೆ. ಆದ್ರೆ ಈಗ ಇದನ್ನ ಕೇಳಿಬಿಟ್ಟು ನಾನು ಹೇಗೆ ನುಡಿಸಲಿ?"

"ಅದು ನಿಮ್ಮ ಪಾಡು, ಮೇಷ್ಟ್ರೇ."

ವೇದಿಕೆಯಿಂದ ಅವರ ಸರದಿ ಕೂಗಿದರು. ಅವಳೇ ಮುಂದೆ ನಡೆದಳು. ಬೆಳಕಿನಲ್ಲಿ ಬೆಂಚಿನ ಬಲಕ್ಕೆ ಕೂತು, ಎಡಗೈಯನ್ನು ಮುಚ್ಚಿಡದೆ, ಸಭೆಗೆ ಕಾಣುವಂತೆ ಕೀಗಳ ಮೇಲಿಟ್ಟಳು. ಮೇಷ್ಟ್ರು ಬಂದು ಪಕ್ಕದಲ್ಲಿ ಕೂತರು. ತಾಳ ಹಾಕುವ ಅವರ ಕಾಲು ಆಗಲೇ ಬೇಗ ಬೇಗ ಕುಟ್ಟುತ್ತಿತ್ತು.

"ಬೇಗ ಓಡಬೇಡಿ" ಎಂದು ಅವಳು ತುಟಿಯಲ್ಲೇ ಹೇಳಿದಳು, "ನಾನು ಜೊತೆಗಿದೀನಿ."

ಮೇಷ್ಟ್ರು ಅವಳ ಕಡೆ ತಿರುಗಿ ತಲೆಯಾಡಿಸಿದರು. ಇಬ್ಬರೂ ಒಟ್ಟಿಗೇ ಉಸಿರೆಳೆದು, ಒಟ್ಟಿಗೇ ಕೈ ಇಳಿಸಿದರು.